ವೈದ್ಯ ಅತಿ ದೂರವಿರುವ ಮನೆ

ಸಂಕಮ್ಮನಿಂದ ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ಅವಳ ಭಾವ ಮುದ್ದಯ್ಯ. "ಉಪ್ಪು ಅಳೆಯೋಳಿಗೆ ಅರಮನೆ ಒಗಟು ಯಾಕಮ್ಮ? ಕತ್ತು ಭಾರ ಆಗಿದೆಯಾ?" ಎಂದು ಊರ ಚಾವಡಿಯ ಜಗಲಿಯಲ್ಲಿ ಕೂತು ನಕ್ಕ. ಸಂಕಮ್ಮ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ದೇಶ ದೇಶ ತಿರುಗಿ ಮಾರುವವಳು. ಅಂಗಡಿಗಳ ಹಲಗೆ ನೋಡಿ ನೋಡಿ ತಾನೇ ಓದು ಕಲಿತವಳು ಅವಳು. ಚಾವಡಿಯ ಗೋಡೆಯ ಮೇಲಿನ ರಾಜಾಜ್ಞೆಯನ್ನು ಇನ್ನೊಮ್ಮೆ ಓದಿಕೊಂಡಳು.

"ಯಾವ ದೇಶದಲ್ಲಿ ವೈದ್ಯರು ಹೆಚ್ಚು, ಯಾವ ದೇಶದಲ್ಲಿ ಕಡಿಮೆ ಎಂಬ ವಿಚಾರವಾಗಿ ಹೊನ್ನಗಿರಿಯ ಅರಸರು ಮೂರು ಒಗಟು ಕೇಳುವರು. ಬಿಡಿಸಿದವರು ಬೇಡಿದ್ದನ್ನು ಪಡೆಯುವರು. ತಪ್ಪಿದವರ ತಲೆ ಹೋಗುವುದು."

ಅವಳು ಬೇಡಬೇಕೆಂದಿದ್ದದ್ದು ಒಬ್ಬ ವೈದ್ಯನನ್ನು. ಅವಳ ಕಣಿವೆಯ ಊರುಗಳಿಗೆ ಯಾರೂ ಇರಲಿಲ್ಲ. ಹೋದ ವರ್ಷ ಹೆರಿಗೆ ನೋವಿನಲ್ಲಿದ್ದ ತಂಗಿಯನ್ನು ಡೋಲಿಯಲ್ಲಿ ರಾಜಧಾನಿಗೆ ಹೊತ್ತವರು ಅರ್ಧ ದಾರಿಯಿಂದ ಹೆಣ ಹೊತ್ತು ಹಿಂತಿರುಗಿದ್ದರು.

ಆಸ್ಥಾನದಲ್ಲಿ ಅವಳ ಮುಂದೆ ಇಬ್ಬರಿದ್ದರು. ಅರಸ ಸೋಮಭೂಪಾಲ ಮೊದಲ ಒಗಟು ಹೇಳಿದ. "ಮೂಡಣ ದೇಶದಲ್ಲಿ ವೈದ್ಯರು ನೂರು, ಪಡುವಣ ದೇಶದಲ್ಲಿ ಬರೀ ಹತ್ತು. ನೂರಿರುವ ಕಡೆ ರೋಗಿ ದಾರಿಯಲ್ಲೇ ಸಾಯುತ್ತಾನೆ, ಹತ್ತಿರುವ ಕಡೆ ಬದುಕುತ್ತಾನೆ. ಯಾಕೆ?"

ಜರಿಪೇಟದ ವರ್ತಕನ ಮಗ, "ಆ ನೂರು ಜನಕ್ಕೆ ವಿದ್ಯೆ ಸಾಲದು," ಎಂದ. ತಲೆ ಹೋಗುವ ದಿನ ಬರುವವರೆಗೆ ಅವನನ್ನು ಸೆರೆಮನೆಗೆ ಕರೆದೊಯ್ದರು. ಪಂಡಿತನೊಬ್ಬ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, "ಮೂಡಣದ ಗಾಳಿ ಕೆಟ್ಟದ್ದು," ಎಂದ. ಅವನೂ ಅದೇ ದಾರಿ ಹಿಡಿದ.

ಸಂಕಮ್ಮ ಮುಂದೆ ಬಂದಾಗ ಕಾವಲುಗಾರ ಮೆಲ್ಲಗೆ ಕೇಳಿದ: "ಉಪ್ಪಿನಮ್ಮ, ಕತ್ತೆಗಳನ್ನ ಯಾರಿಗೆ ಒಪ್ಪಿಸಿ ಬಂದೆ?"

"ನಿನ್ನಂಥೋರಿಗಂತೂ ಅಲ್ಲ ಕಣಪ್ಪ. ಕತ್ತೆಗಳು ನೊಂದ್ಕೋತವೆ."

ಅವಳು ಅರಸನತ್ತ ತಿರುಗಿದಳು. "ಎರಡೂ ದೇಶದಲ್ಲಿ ಉಪ್ಪು ಮಾರಿದೀನಿ, ಬುದ್ಧಿ. ಮೂಡಣದ ನೂರೂ ಜನ ಅರಸರ ಬೀದಿಯಲ್ಲೇ ಮನೆ ಮಾಡಿದಾರೆ. ಪಡುವಣದವರು ನಾಡೆಲ್ಲ ಹಂಚಿಕೊಂಡು ಕೂತಿದಾರೆ. ಉಪ್ಪೆಲ್ಲ ಒಂದೇ ಮನೆ ಗಡಿಗೇಲಿದ್ರೆ ಮಿಕ್ಕವರ ಸಾರು ಸಪ್ಪೆ ತಾನೆ?"

ಅರಸ ತಲೆದೂಗಿದ. "ಎರಡನೆಯದು. ಒಂದು ಮರಕ್ಕೆ ಬಡವರು ನೀರೆರೆಯುತ್ತಾರೆ. ನೆಟ್ಟವರ ಹಿತ್ತಲಲ್ಲಿ ಒಂದೆಲೆಯೂ ಉದುರುವುದಿಲ್ಲ, ನೆರಳೆಲ್ಲ ಸಿರಿವಂತರ ಅಂಗಳಕ್ಕೆ. ಆ ಮರ ಯಾವುದು?"

ಸಂಕಮ್ಮ ತಾನು ನಡೆದ ನಾಡುಗಳನ್ನೆಲ್ಲ ಮನಸ್ಸಿನಲ್ಲೇ ಇನ್ನೊಮ್ಮೆ ಸುತ್ತಿ ಬಂದಳು.

"ಆ ಮರಕ್ಕೆ ಕಾಲಿದೆ, ಬುದ್ಧಿ. ಅದು ವೈದ್ಯ. ಬೆಟ್ಟದ ನಾಡಿನವರು ಮನೆಮನೆಯಿಂದ ರಾಗಿ ಕೂಡಿಸಿ ಒಬ್ಬನನ್ನ ಓದಿಸ್ತಾರೆ. ಕಲಿತೋನು ಕರಾವಳಿಯ ಸಿರಿವಂತ ರಾಜ್ಯಕ್ಕೆ ಹೊರಟುಹೋಗ್ತಾನೆ. ಬೈಯೋಕೂ ಆಗಲ್ಲ, ಅಲ್ಲಿ ಹೊಟ್ಟೆ ತುಂಬ ಊಟ. ಇವರು ಇನ್ನೊಬ್ಬನಿಗೆ ರಾಗಿ ಕೂಡಿಸ್ತಾರೆ."

"ಸರಿ," ಎಂದ ಅರಸ. "ಕೊನೆಯದು. ಲೋಕದಲ್ಲಿ ವೈದ್ಯ ಅತಿ ದೂರವಿರುವ ಮನೆ ಯಾವುದು?"

"ನಿಮ್ಮ ವೈದ್ಯರ ಬೀದಿಯ ಹಿಂದೆ ನೀರು ಹೊರೋರ ಓಣಿ ಇದೆಯಲ್ಲ, ಅಲ್ಲಿನ ಮನೆ."

ಸಭೆ ನಕ್ಕಿತು. ಅರಸ ನಗಲಿಲ್ಲ. "ತಪ್ಪು. ಅದು ಮಾರಲ ದ್ವೀಪದ ಮನೆ. ಅಲ್ಲಿಂದ ಹಡಗು ಹತ್ತಿದವನು ವೈದ್ಯನ ಮುಖ ಕಾಣಲು ಒಂದು ತಿಂಗಳು ಬೇಕು."

ಕಾವಲುಗಾರರು ಹತ್ತಿರ ಬಂದರು. ಸಂಕಮ್ಮ ಕದಲಲಿಲ್ಲ. "ತಲೆ ಎಲ್ಲಿಗೂ ಓಡಿಹೋಗಲ್ಲ, ಬುದ್ಧಿ. ಮೊದಲು ಆ ಓಣಿಗೆ ಬನ್ನಿ. ಕಿರೀಟ ಬಿಟ್ಟು ಬನ್ನಿ."

ಅರಸನಿಗೆ ಕುತೂಹಲವಾಯಿತು. ಕಂಬಳಿ ಹೊದ್ದು ಹೊರಟ. ಓಣಿಯಲ್ಲಿ ಈರಜ್ಜನೆಂಬ ಮುದುಕ ಜ್ವರದಲ್ಲಿ ಮಲಗಿದ್ದ. ಅವನ ತಲೆದೆಸೆಯ ಗೋಡೆಯ ಆಚೆಯೇ ವೈದ್ಯನ ಮನೆ. ಔಷಧಿ ಕುಟ್ಟುವ ಸದ್ದು ಕೇಳುತ್ತಿತ್ತು. ಅರಸ ಬೀದಿ ಸುತ್ತಿ ಹೋಗಿ ಆ ಮನೆಯ ಕದ ತಟ್ಟಿದ.

"ಪಲ್ಲಕ್ಕಿ ಎಲ್ಲಿ?" ಎಂದ ಬಾಗಿಲ ಆಳು.

"ರೋಗಿ ಹಿಂದಿನ ಓಣಿಯಲ್ಲಿದ್ದಾನೆ. ಅದರೊಳಗೆ ಪಲ್ಲಕ್ಕಿ ಹಿಡಿಯುವುದಿಲ್ಲವಲ್ಲ."

"ಹಾಗಾದ್ರೆ ರೋಗೀನ ಅಗಲ ಬೀದಿ ಮನೆಗೆ ಸಾಗಿಸು. ಪಲ್ಲಕ್ಕಿ ಇಲ್ಲದೆ ವೈದ್ಯರು ಹೊಸ್ತಿಲು ದಾಟೋ ಹಾಗಿಲ್ಲ, ರೋಗೀನ ಇಲ್ಲಿಗೆ ತರೋ ಹಾಗೂ ಇಲ್ಲ. ನಮ್ಮ ಅರಸರ ಅಜ್ಜ ಕೊಟ್ಟ ಮರ್ಯಾದೆ ಇದು, ಗೊತ್ತಾಯ್ತಾ?"

ಅರಸ ಹಿಂತಿರುಗಿ ಮುದುಕನ ಪಕ್ಕದಲ್ಲಿ ಕೂತ. ಗೋಡೆಯಾಚೆ ಕುಟ್ಟುವ ಸದ್ದು ನಿಂತಿರಲಿಲ್ಲ. ಗೋಡೆಯ ಮೇಲೆ ಕೈಯಿಟ್ಟು ಹೇಳಿದ: "ದ್ವೀಪದವನು ತಿಂಗಳು ಕಳೆದ ಮೇಲಾದರೂ ವೈದ್ಯನನ್ನು ಕಾಣುತ್ತಾನೆ. ಈ ಗೋಡೆ ಎಷ್ಟು ತಿಂಗಳ ದಾರಿ?"

ಸಂಕಮ್ಮ ಅಜ್ಜನ ಹಣೆಯ ಬಟ್ಟೆ ಒದ್ದೆ ಮಾಡುತ್ತಿದ್ದಳು.

ಅಂದು ಸಂಜೆಯೇ ಪಲ್ಲಕ್ಕಿ ಮರ್ಯಾದೆ ರದ್ದಾಯಿತು. ವೈದ್ಯ ಗೊಣಗುತ್ತಲೇ ಓಣಿಗೆ ನಡೆದು ಬಂದ, ಈರಜ್ಜ ಬದುಕಿಕೊಂಡ.

ಆಸ್ಥಾನದಲ್ಲಿ ಮುದಿ ಮಂತ್ರಿ ಕೆಮ್ಮಿದ. "ತಪ್ಪು ಉತ್ತರ ಹೇಳಿದವರ ತಲೆ ಹೋಗಬೇಕೆಂದು ಆಜ್ಞೆ, ಪ್ರಭು. ಮೂರನೆಯದಕ್ಕೆ ತಪ್ಪು ಹೇಳಿದವರು..." ಎಂದು ಸೂರು ನೋಡಿದ.

"ತಿಳಿಯಿತು, ತಪ್ಪು ಹೇಳಿದವನು ನಾನೇ," ಎಂದ ಅರಸ. "ಸೆರೆಮನೆ ಬಾಗಿಲು ತೆಗೆಸಿ ಎಲ್ಲರನ್ನೂ ಮನೆಗೆ ಕಳಿಸಿ." ಆಮೇಲೆ ಸಂಕಮ್ಮನನ್ನು ಕೇಳಿದ: "ನಿನಗೇನು ಬೇಕಮ್ಮ?"

"ನಮ್ಮ ಕಣಿವೆಗೆ ನಡೆಯೋ ಕಾಲಿರೋ ಒಬ್ಬ ವೈದ್ಯ."

"ಕೊಟ್ಟೆ. ಆದರೆ ಅವನೂ ಕರಾವಳಿಗೆ ಹೊರಟರೆ?"

"ಹೋಗದ ಹಾಗೆ ನಾನು ನೋಡ್ಕೋತೀನಿ."

"ಹಾಗಾದರೆ ನೀನು ಅಲ್ಲೇ ಇರಬೇಕು. ನೀನು ಕಣಿವೆ ಬಿಟ್ಟ ದಿನ ಅವನನ್ನು ವಾಪಸು ಕರೆಸುತ್ತೇನೆ."

"ಆಗಲಿ," ಎಂದಳು.

ಈಗ ಕಣಿವೆಯ ಬಾಯಲ್ಲಿ ಸಂಕಮ್ಮನಿಗೆ ಸ್ವಂತ ಮನೆಯಿದೆ. ಮುಂದಿನ ಕೋಣೆಯಲ್ಲಿ ವೈದ್ಯನಿದ್ದಾನೆ. ಅವನ ಅನ್ನಕ್ಕೆ ಎರಡು ಹೊಲ, ಮಜ್ಜಿಗೆಗೆ ಒಂದು ಎಮ್ಮೆ, ಎಲ್ಲವೂ ಅವಳ ಹೆಸರಿನಲ್ಲಿ. ಅದಕ್ಕೆ ಅವಳು ತೆತ್ತದ್ದು ತನ್ನ ದಾರಿಯನ್ನು. ಕತ್ತೆಗಳನ್ನು ಈಗ ಬೇರೆಯವರು ಹೊಡೆದುಕೊಂಡು ಹೋಗುತ್ತಾರೆ. ಐದು ದೇಶ ತಿರುಗಿದವಳು ಆಮೇಲೆ ಒಂದು ಸಲವೂ ಸಮುದ್ರ ನೋಡಲಿಲ್ಲ.