ದುಭಾಷಿ ತುಂಬಿದ ಅರ್ಥ

"ಗುರುಗಳೇ, ಕಂಪೈಲರಿನ ಪ್ರತಿಯೊಂದು ಫಂಕ್ಷನ್ನೂ ತನ್ನ ಕೈಗೆ ಕೊಟ್ಟದ್ದನ್ನಷ್ಟೇ ನೋಡಬೇಕು, ಹೊರಗಿನ ಯಾವುದನ್ನೂ ನೋಡಬಾರದು ಎನ್ನುತ್ತೀರಿ. ನಾಲ್ಕು ವಿಷಯ ಹೆಚ್ಚು ತಿಳಿದಿದ್ದರೆ ಕೆಡುಕೇನು?" ಎಂದು ಶಾಂತವೀರ ಕೇಳಿದ.

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರೊಂದನ್ನು ಅವನು ಕಟ್ಟುತ್ತಿದ್ದ. ಅದರೊಳಗಿನ ಒಂದೊಂದು ಸಣ್ಣ ಕೆಲಸವನ್ನೂ ಒಂದೊಂದು ಫಂಕ್ಷನ್ ಮಾಡುತ್ತಿತ್ತು. ಒಂದೇ ಪ್ರೋಗ್ರಾಮು ಅದರಿಂದ ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ಹೊರಬರುತ್ತಿತ್ತು. ತಪ್ಪು ಎಲ್ಲಿದೆಯೆಂದು ಹುಡುಕಿ ಹುಡುಕಿ ಅವನಿಗೆ ದಿಕ್ಕೇ ತೋಚದಂತಾಗಿತ್ತು.

ಗುರು ನಿಜಗುಣಯ್ಯನವರು ಕತೆ ಹೇಳಿದರು.

ಒಬ್ಬ ರಾಜನ ಬಳಿ ಒಬ್ಬ ದುಭಾಷಿಯಿದ್ದ. ಪರದೇಶದವರ ಮಾತನ್ನು ರಾಜನಿಗೆ ತಿಳಿಸುವುದು ಅವನ ಕೆಲಸ. ಒಂದು ದಿನ ಅಂಬಿಗನೊಬ್ಬನನ್ನು ಹಿಡಿದು ತಂದರು. ಅವನ ದೋಣಿಯಲ್ಲಿದ್ದ ವ್ಯಾಪಾರಿ ಹೊಳೆಯ ಪಾಲಾಗಿದ್ದ. ಅದನ್ನು ಕಣ್ಣಾರೆ ಕಂಡವನು ಪರದೇಶದ ನಾವಿಕನೊಬ್ಬನೇ. ಅವನು ಕಂಡದ್ದನ್ನು ತನ್ನ ಭಾಷೆಯಲ್ಲಿ ಹೇಳಿದ. ದುಭಾಷಿ ಅದನ್ನು, "ಮುಳುಗುತ್ತಿದ್ದವನ ಕೈಯನ್ನು ಅಂಬಿಗ ಹಿಡಿದಿದ್ದ, ಆಮೇಲೆ ಬಿಟ್ಟುಬಿಟ್ಟ" ಎಂದು ತಿಳಿಸಿದ. ರಾಜ ಅಂಬಿಗನಿಗೆ ಮರಣದಂಡನೆ ವಿಧಿಸಿದ.

ಮರುದಿನ ಅದೇ ನಾವಿಕ ತನ್ನ ಸರಕು ನೀರುಪಾಲಾಯಿತೆಂದು ದೂರು ತಂದ. ದುಭಾಷಿ, "ಆಳಿನ ಕೈಯಿಂದ ಗಂಟು ಜಾರಿತಂತೆ" ಎಂದ.

ಮಂತ್ರಿ ಅವನನ್ನು ತಡೆದ. "ನಿನ್ನೆಯೂ ನಾವಿಕನ ಬಾಯಲ್ಲಿ ಇದೇ ಪದ ಕೇಳಿದೆ. ನಿನ್ನೆ ಬಿಟ್ಟ ಎಂದೆ, ಇಂದು ಜಾರಿತು ಎನ್ನುತ್ತೀಯ. ಯಾವುದು ಸರಿ?"

"ಜಾರಿತು ಎಂಬುದೇ ಸರಿ, ಸ್ವಾಮಿ. ಆದರೆ ಅಂಬಿಗನಿಗೂ ವ್ಯಾಪಾರಿಗೂ ಆಗಿಬರುತ್ತಿರಲಿಲ್ಲ ಎಂದು ನಿನ್ನೆ ಸಂತೆಯಲ್ಲಿ ಕೇಳಿದ್ದೆ. ಹೊರಗಿನವನಾದ ನಾವಿಕನಿಗೆ ಅದು ಹೇಗೆ ಗೊತ್ತಿರಬೇಕು? ಅವನ ಮಾತಿಗೆ ಅರ್ಥ ತುಂಬಿ ಹೇಳಿದೆ."

ದಂಡನೆ ತಡೆಯಲು ರಾಜ ಕೂಡಲೇ ಸವಾರರನ್ನು ಅಟ್ಟಿದ. ಅಷ್ಟರಲ್ಲಿ ಅಂಬಿಗನ ಕತೆ ಮುಗಿದುಹೋಗಿತ್ತು. ದುಭಾಷಿ ಕಣ್ಣು ಕಣ್ಣು ಬಿಡುತ್ತ ನಿಂತ. ತನ್ನ ತಪ್ಪೇನೆಂದು ಅವನಿಗೆ ಹೊಳೆಯಲೇ ಇಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಂತವೀರನ ಗೊಂದಲ ಇನ್ನಷ್ಟು ಹೆಚ್ಚಿತು. ದುಭಾಷಿಗೆ ಭಾಷೆ ಚೆನ್ನಾಗಿ ಬರುತ್ತಿತ್ತು. ಅಂಬಿಗನ ಮೇಲೆ ಹಗೆಯಿರಲಿಲ್ಲ, ಯಾರಿಂದಲೂ ಲಂಚ ತಿಂದಿರಲಿಲ್ಲ. ರಾಜನಿಗೆ ಒಳ್ಳೆಯದಾಗಲೆಂದೇ ಹೇಳಿದ್ದ. ಆದರೂ ಒಂದು ಜೀವ ಹೋಗಿತ್ತು.

"ಹಾಗಾದರೆ ಅವನು ಸುಳ್ಳುಗಾರನೇ, ಗುರುಗಳೇ?"

"ಅಲ್ಲಪ್ಪ, ತನಗೆ ತಿಳಿದದ್ದನ್ನೆಲ್ಲ ಹೇಳಿದ; ನಾವಿಕ ಹೇಳಿದ್ದನ್ನು ಮಾತ್ರ ಹೇಳಲಿಲ್ಲ."

ಶಾಂತವೀರ ತನ್ನ ಕಂಪೈಲರನ್ನು ತೆರೆದು, ಕೈಗೆ ಕೊಡದಿದ್ದನ್ನೂ ಹೊರಗಿನಿಂದ ನೋಡುತ್ತಿದ್ದ ಫಂಕ್ಷನ್ ಯಾವುದೆಂದು ಹುಡುಕತೊಡಗಿದ.