ಓಬಳೇಶನ ಅಂಗೈಯ ಗಂಟು

ಹೊಳೆದಂಡೆಯ ಆಶ್ರಮದಲ್ಲಿ ಕರಿಬಸಜ್ಜ ಅಂತ ಒಬ್ಬ ಗುರು ಇದ್ದರು. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವರೆಲ್ಲ ಅವರ ಹತ್ತಿರ ಬರುತ್ತಿದ್ದರು, ಅಷ್ಟು ಹಗುರ ಅವರ ಕೈ. ಅವರ ಶಿಷ್ಯ ಪಂಪಾಪತಿಗೆ ಮಾತ್ರ ಮುಳ್ಳಿಗಿಂತ ವಾದ ಇಷ್ಟ.

ಒಂದು ಬೆಳಿಗ್ಗೆ ಓಬಳೇಶ ಬಂದ. ಜೊತೆಗೆ ಹೆಂಡತಿ ಮಾರಕ್ಕ. ಇಬ್ಬರೂ ಶೇಂಗಾ ಮಂಡಿಯಲ್ಲಿ ಚೀಲ ಹೊಲಿಯುವವರು. ಓಬಳೇಶನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಂಟು.

"ಇದು ಆಕಾಶದವರು ಇಟ್ಟದ್ದು, ಅಜ್ಜಾ," ಅಂದ. "ಎರಡು ವರ್ಷದ ಹಿಂದೆ ಮಂಡಿಯಿಂದ ಮನೆಗೆ ಹೊರಟವನನ್ನು ಎತ್ತಿಕೊಂಡು ಹೋದರು. ಮೂರು ದಿನ ಇಟ್ಟುಕೊಂಡಿದ್ದು ಬಿಟ್ಟರು. ಆಮೇಲೆ ನೋಡಿದರೆ ಕೈಯಲ್ಲಿ ಇದು."

ಮಾರಕ್ಕ ಗಂಡನ ಕಡೆ ನೋಡಲಿಲ್ಲ. "ಯಾವಳ ಮನೆಯಲ್ಲಿದ್ದನೋ ಏನೋ. ಇದನ್ನು ತೆಗೆಯಿರಿ ಅಜ್ಜಾ. ಆಕಾಶದ ಸಾಮಾನು ಬಂದರೆ ಇವನ ಜೊತೆ ಮನೆಗೆ ಹೋಗುತ್ತೇನೆ. ಇಲ್ಲವಾದರೆ ಇಲ್ಲಿಂದಲೇ ತವರಿಗೆ." ಬಟ್ಟೆಯ ಗಂಟು ಅವಳ ಪಕ್ಕದಲ್ಲೇ ಇತ್ತು.

ಗುರು ಸೂಜಿಯನ್ನು ಬಿಸಿನೀರಿಗೆ ಹಾಕಲು ಒಳಗೆ ಹೋದರು. ಅಷ್ಟರಲ್ಲಿ ಪಂಪಾಪತಿ ಶುರು ಹಚ್ಚಿಕೊಂಡ. ಎಷ್ಟು ಜನ ಇದ್ದರು? ಎತ್ತರ ಎಷ್ಟು? ಯಾವ ಭಾಷೆ? ಪೊಲೀಸರೂ ಹಾಗೆ ಕೇಳಲಿಕ್ಕಿಲ್ಲ. ಎಲ್ಲದಕ್ಕೂ ಓಬಳೇಶನದು ಒಂದೇ ಉತ್ತರ: ಬೆಳಕಿತ್ತು, ಚಳಿಯಿತ್ತು, ಕೈಕಾಲು ಆಡುತ್ತಿರಲಿಲ್ಲ.

"ಎಲ್ಲ ಬುರುಡೆ," ಅಂದ ಪಂಪಾಪತಿ. ಹಳೇ ರೇಡಿಯೋದ ಅಯಸ್ಕಾಂತ ತಂದು ಗಂಟಿನ ಮೇಲೆ ಹಿಡಿದ.

ಅದು ಕಚ್ಚಿಕೊಂಡಿತು. ಎಳೆದರೆ ಚರ್ಮವೂ ಜೊತೆಗೆ ಎದ್ದಿತು.

ಗುರು ಹೊರಗೆ ಬಂದಾಗ, "ಅಜ್ಜಾ, ಇದು ನಿಜವೇ ಇರಬೇಕು," ಅಂದ ಪಂಪಾಪತಿ. ವಾದ ಮಾಡುವವರ ಹಣೆಬರಹವೇ ಇಷ್ಟು, ಈ ದಡ ಬಿಟ್ಟರೆ ನೇರ ಆ ದಡ.

ಗುರು ಕೂತು ಸೂಜಿಯಿಂದ ಗಂಟು ಬಿಡಿಸಿದರು. ಬಂದದ್ದು ಕಪ್ಪಗಾದ ಒಂದು ಕಬ್ಬಿಣದ ಚೂರು.

ಮಾರಕ್ಕ ಅದನ್ನು ಸೆರಗಿನಲ್ಲಿ ಒರೆಸಿ ನೋಡಿದಳು. "ದಬ್ಬಣದ ತುದಿ," ಅಂದಳು. "ಚೀಲದ ಬಾಯಿ ಹಿಡಿದ ಕೈಗೆ ಚುಚ್ಚಿ ಮುರಿಯುತ್ತದೆ. ಮಂಡಿಯಲ್ಲಿ ಅರ್ಧ ಜನರ ಕೈಯಲ್ಲಿ ಇದೆ. ನನಗೆ ಗೊತ್ತಿತ್ತು ಅಜ್ಜಾ. ಆದರೂ ಬೇರೆ ಏನಾದರೂ ಬರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡು ಬಂದೆ."

ಅವಳು ಬಟ್ಟೆಯ ಗಂಟು ಎತ್ತಿಕೊಂಡು ಎದ್ದಳು.

ಓಬಳೇಶ ತನ್ನ ಅಂಗೈಯನ್ನೇ ನೋಡುತ್ತಿದ್ದ. "ಹಾಗಾದರೆ ಆ ಮೂರು ದಿನ ನನಗೆ ಏನಾಯಿತು?" ಅಂದ.

"ನಾನು ಮೊದಲೇ ಹೇಳಿರಲಿಲ್ಲವೇ, ಬುರುಡೆ ಅಂತ?" ಅಂದ ಪಂಪಾಪತಿ.

"ಪಂಪಾಪತಿ, ಹೋಗಿ ಒಂದು ಕೊಡ ನೀರು ತಾ," ಅಂದರು ಗುರು.

"ಕೊಡ ತುಂಬಿದೆಯಲ್ಲ ಅಜ್ಜಾ."

"ಚೆಲ್ಲಿ ತಾ."

ಪಂಪಾಪತಿ ಮುಖ ಸಣ್ಣ ಮಾಡಿಕೊಂಡು ಕೊಡ ಎತ್ತಿಕೊಂಡ.

ಗುರು ಓಬಳೇಶನ ಕೈಗೆ ಬಟ್ಟೆ ಸುತ್ತಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಾರಕ್ಕನ ಕಡೆ ತಿರುಗಿದರು.

"ತವರಿಗೆ ಹೋಗು ತಾಯಿ, ನಾನು ತಡೆಯುವುದಿಲ್ಲ. ಎಲ್ಲಿದ್ದೆ ಅಂತ ಎರಡು ವರ್ಷ ಕೇಳಿದ್ದೀಯ. ಹೋಗುವ ಮುಂಚೆ, ಹೆದರಿದ್ದೆಯಾ ಅಂತ ಒಂದು ಸಲ ಕೇಳು."