ಗುಂಡಿ ವ್ಯಾಪಾರಿಯ ಮುಖದ ಬಿರುಕು

ಒಂದಾನೊಂದು ಊರಿನಲ್ಲಿ, ಅಂದರೆ ಪ್ಯಾರಿಸಿನಲ್ಲಿ, ಬಾರ್ನಬೆ ಅಂತ ಒಬ್ಬ ಗುಂಡಿ ವ್ಯಾಪಾರಿ ಇದ್ದ. ಅಂಗಿಯ ಗುಂಡಿ ಕಣ್ರಪ್ಪಾ. ಪ್ಯಾರಿಸ್ಸನ್ನು ನಾನು ನೋಡಿಲ್ಲ. ನೋಡಿದವರು ಇಲ್ಲಿ ಯಾರೂ ಇಲ್ಲವಲ್ಲ, ಅದೇ ನನ್ನ ಧೈರ್ಯ.

ಆ ಊರಲ್ಲಿ ಗಾಸ್ಪಾರ್ ಅನ್ನೋ ಚಿತ್ರಗಾರ ಮರ್ಯಾದಸ್ಥರನ್ನು ಗೇಲಿ ಮಾಡಿ ಕಲ್ಲಿನ ಮೇಲೆ ಚಿತ್ರ ಬರೆಯುತ್ತಿದ್ದ. ಕಲ್ಲಿನಿಂದ ಕಾಗದಕ್ಕೆ ಅಚ್ಚು ಹಾಕಿ ಅಂಗಡಿ ಗಾಜಿಗೆ ಅಂಟಿಸುತ್ತಿದ್ದ. ವಕೀಲನ ಹೊಟ್ಟೆ, ಡಾಕ್ಟರನ ಹೆಂಡತಿಯ ಟೋಪಿ, ಯಾವುದನ್ನೂ ಬಿಡಲಿಲ್ಲ. ಮೊದಮೊದಲು ಜನ ಸಿಟ್ಟಾದರು. ಆಮೇಲೆ ಗೇಲಿಗೆ ಸಿಕ್ಕವನೇ ದೊಡ್ಡ ಮನುಷ್ಯ ಅಂತಾಯಿತು.

ಬಾರ್ನಬೆಯ ಮಗಳು ಕ್ಲೋತಿಲ್ಡ್‌ಗೆ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಅವಳಿಗೂ ಇಷ್ಟ. ಹುಡುಗನ ಅಪ್ಪ ಮಾತ್ರ ಮೂಗು ಮುರಿದ. ನಿಮ್ಮನ್ನು ಇನ್ನೂ ಯಾರೂ ಗೇಲಿ ಮಾಡಿಲ್ಲವಂತೆ, ಅಂಥ ಮನೆಯ ಹೆಣ್ಣು ತಂದರೆ ನಾಲ್ಕು ಜನ ಏನಂದಾರು ಅಂದ.

ಬಾರ್ನಬೆ ಗಾಸ್ಪಾರನ ಹತ್ತಿರ ಓಡಿದ. ಗಾಸ್ಪಾರ್ ಅವನನ್ನು ಹಿಂದೆ ಮುಂದೆ ನೋಡಿದ. ಕಲ್ಲೂ ನೋಡಿತು. ಇವನಲ್ಲಿ ನಗೋಕೆ ಏನೂ ಇಲ್ಲ ಅಂದಿತು ಕಲ್ಲು.

ಬಾರ್ನಬೆ ಟೋಪಿ ತಲೆಕೆಳಗಾಗಿ ಹಾಕಿಕೊಂಡ. ಊಹೂಂ. ಕೊಡೆಯಲ್ಲಿ ಸೂಪು ಕುಡಿದ. ಊಹೂಂ. ಕೊನೆಗೆ ನೆಲದ ಮೇಲೆ ಕೂತು ಅತ್ತೇಬಿಟ್ಟ.

"ದಮ್ಮಯ್ಯ ಅಂತೀನಿ, ನನ್ನ ಮಗಳಿಗೋಸ್ಕರ ಒಂದೇ ಒಂದು ಸಲ ನಗು."

ಇದಕ್ಕಿಂತ ತಮಾಷೆಯನ್ನು ಕಲ್ಲು ಕಂಡೇ ಇರಲಿಲ್ಲ. ನಕ್ಕಿತು, ನಕ್ಕಿತು, ನಕ್ಕೂ ನಕ್ಕೂ ಬಿರುಕು ಬಿಟ್ಟಿತು. ಆ ಬಿರುಕಿನ ಮೇಲೇ ಗಾಸ್ಪಾರ್ ಅವನ ಮುಖ ಬರೆದು ಅಚ್ಚು ಹಾಕಿದ. ಹಣೆಯಿಂದ ಗದ್ದದವರೆಗೆ ಉದ್ದಕ್ಕೊಂದು ಕಪ್ಪು ಗೆರೆ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮದುವೆ ಗೊತ್ತಾಯಿತು.

ಮದುವೆ ದಿನ ಬಾಗಿಲಲ್ಲಿ ಕಾವಲಿನವ ಬಾರ್ನಬೆಯನ್ನು ತಡೆದ. ಹೆಣ್ಣಿನ ಅಪ್ಪನ ಮುಖದಲ್ಲಿ ಗೆರೆ ಇದೆ, ನಿನಗೆಲ್ಲಿದೆ ಅಂದ. ಒಳಗೆ ಅಪ್ಪನ ಕುರ್ಚಿಯಲ್ಲಿ ಚಿತ್ರ ಕೂತಿತ್ತು. ಬೀಗರು ಅದಕ್ಕೆ ಇನ್ನೊಂದು ತುಂಡು ಕೇಕು ಹಾಕಿಸಿಕೊಳ್ಳಿ ಅಂತ ಉಪಚಾರ ಮಾಡುತ್ತಿದ್ದರು. ಬಾರ್ನಬೆ ಕಿಟಕಿಗಾಜಿಗೆ ಮೂಗು ಒತ್ತಿಕೊಂಡು ನಿಂತ.

ಕ್ಲೋತಿಲ್ಡ್ ನೋಡಿದಳು. ಅಡುಗೆಮನೆಗೆ ಹೋಗಿ ಒಲೆಯ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಹೊರಗೆ ಬಂದಳು. ಬಿಳಿ ಉಡುಪಿಗೆಲ್ಲ ಮಸಿ. ಅಪ್ಪನ ಹಣೆಯಿಂದ ಗದ್ದದವರೆಗೆ ನಿಧಾನವಾಗಿ ಒಂದು ಗೆರೆ ಎಳೆದಳು.

"ಈಗ ಬಾ ಅಪ್ಪ," ಅಂದಳು.

ಕಾವಲಿನವ ಬಗ್ಗಿ ಸಲಾಮು ಹೊಡೆದ.

ನೀತಿ ಏನು ಅಂತ ನನ್ನನ್ನು ಕೇಳಬೇಡಿ. ನನಗೂ ಮದುವೆಗೆ ಬಂದ ಮಗಳಿದ್ದಾಳೆ. ಇಷ್ಟು ಹೊತ್ತು ನಿಮ್ಮ ಮುಂದೆ ಯಾಕೆ ಕುಣಿದೆ ಅಂದುಕೊಂಡಿರಿ? ಕತೆ ಕಲ್ಲಿಗೆ, ನಗು ನಿಮಗೆ, ಮಸಿ ನನ್ನ ಮುಖಕ್ಕೆ.